ಕತ್ತಿನ ಗಂಟು, ಬೋರರ್ ಗಿಡ

ಎಸ್ಟೇಟಿನ ಆಳುಗಳ ಬೆಳಗಿನ ಹಾಜರಿ ಕೂಗುವಾಗ ತಲೆಸುತ್ತು ಬಂತೆಂದು ಹಾಸನಕ್ಕೆ ಹೋಗಿ ಕತ್ತಿನ ರಕ್ತನಾಳದ ಸ್ಕ್ಯಾನ್ ಮಾಡಿಸಿದೆ. ನಾಳ ಸರಿಯಿತ್ತು. ಥೈರಾಯ್ಡಿನಲ್ಲಿ ಒಂದು ಸಣ್ಣ ಗಂಟು ಸಿಕ್ಕಿತು.

ಡಾಕ್ಟರು ತಣ್ಣಗೆ ಹೇಳಿದರು: "ಆರೋಗ್ಯವಾಗಿರೋರನ್ನ ಸಾಲಾಗಿ ನಿಲ್ಲಿಸಿ ಸ್ಕ್ಯಾನ್ ಮಾಡಿದ್ರೂ ಎಷ್ಟೋ ಜನರಲ್ಲಿ ಇಂಥದ್ದು ಸಿಗುತ್ತೆ. ಬಹುಪಾಲು ಏನೂ ಮಾಡಲ್ಲ. ನಿಮ್ಮದರಲ್ಲೂ ಕೆಟ್ಟ ಲಕ್ಷಣ ಇಲ್ಲ. ವರ್ಷ ಬಿಟ್ಟು ನೋಡೋಣ."

ನನಗೆ ಮೈಯೆಲ್ಲ ಉರಿದುಹೋಯಿತು. ಮಗ್ಗೆ ಕಡೆಯ ಕಾಫಿ ಎಸ್ಟೇಟಿನಲ್ಲಿ ನಾನು ಆಳುಗಳ ಹಾಜರಿ, ಕೆಲಸ ನೋಡಿಕೊಳ್ಳುವ ರೈಟರ್. ಕಾಫಿ ಗಿಡದ ಕಾಂಡ ಕೊರೆಯುವ ಬೋರರ್ ಹುಳ ಹುಡುಕಿಸುವುದು ನನ್ನ ಕೆಲಸ. ಕಾಂಡದ ಮೇಲೆ ಉಬ್ಬಿದ ಗೆರೆ ಕೈಗೆ ಸಿಕ್ಕಿದರೆ ಆಯಿತು, ಗಿಡ ಕಿತ್ತು ಸುಡಬೇಕು. ಮುಂದಿನ ವರ್ಷಕ್ಕೆ ಬಿಟ್ಟವನು ಸುತ್ತಲಿನ ಗಿಡಗಳನ್ನೂ ಕಳೆದುಕೊಳ್ಳುತ್ತಾನೆ.

ಇನ್ನೊಂದು ಆಸ್ಪತ್ರೆಗೆ ಹೋಗಿ, ತೆಗೆದೇಬಿಡಿ ಎಂದು ಹಟ ಹಿಡಿದೆ. ದನಿ ಕೆಡಬಹುದು, ಜೀವನಪೂರ್ತಿ ಮಾತ್ರೆ ನುಂಗಬೇಕಾಗಬಹುದು ಎಂದರು. ಕೂಗಿ ಕೆಲಸ ಮಾಡಿಸುವವನಿಗೆ ದನಿಯೇ ಅನ್ನ. ಆದರೂ ಒಪ್ಪಿ ಆಪರೇಷನ್ನಿಗೆ ಸೋಮವಾರ ಗೊತ್ತುಮಾಡಿದೆ. ಅಂದಿನಿಂದ ಊಟ ಸೇರಲಿಲ್ಲ. ಗುಟುಕು ಗುಟುಕಿಗೂ ಕೈ ಕತ್ತಿಗೆ ಹೋಗುತ್ತಿತ್ತು. ಸಾಯುವ ಭಯ ಅದು, ಬೇರೇನಲ್ಲ.

ಭಾನುವಾರ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ ಹೆಂಡತಿ ತಟ್ಟನೆ ಕೇಳಿದಳು.

"ರೀ, ಆ ಹಾಸನದ ಡಾಕ್ಟ್ರು ಹೇಳಿದ್ದು ನಿಜ ಆದ್ರೆ ನನ್ ಕತ್ತಲ್ಲೂ ಒಂದು ಐತೇನೋ. ಮುಟ್ಟಿ ನೋಡಿ."

"ಸುಮ್ನಿರೇ ಮಾರಾಯ್ತಿ."

ಅವಳು ಬಿಡಲಿಲ್ಲ. ಗಲ್ಲ ಎತ್ತಿ ಎದುರು ನಿಂತಳು. "ಸಿಕ್ಬುಟ್ರೆ ನಾಳೆ ನನ್ನೂ ಕೊಯ್ಸ್ತೀರಾ?"

ಸಾವಿರಾರು ಕಾಂಡ ತಡವಿದ ಕೈ ಮೇಲೇಳಲಿಲ್ಲ. ಇಷ್ಟು ವರ್ಷ ಚೆನ್ನಾಗಿ ಉಂಡು, ಜಗಳವಾಡಿ, ನಗುತ್ತಿದ್ದ ಕತ್ತು ಅದು. ಅದಕ್ಕೆ ಕತ್ತಿ ಹಾಕಿಸಲು ನಾನು ಒಪ್ಪುವವನಲ್ಲ. ನನ್ನದಕ್ಕೆ ಮಾತ್ರ ಯಾಕೆ ಒಪ್ಪಿದೆ? ನಾಚಿಕೆಯಾಯಿತು. ಆಸ್ಪತ್ರೆಗೆ ಫೋನ್ ಮಾಡಿ, ಆಪರೇಷನ್ನಿಗೆ ಬರುವುದಿಲ್ಲ ಎಂದೆ. ವರ್ಷದ ನಂತರದ ಸ್ಕ್ಯಾನಿನ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡೆ.

ಸೋಮವಾರ ಎಸ್ಟೇಟಿನ ಸ್ಟೋರ್ ಮುಂದೆ ನಿಂತು ಹಾಜರಿ ಕೂಗಿದೆ. ಓಗೊಟ್ಟ ಆಳುಗಳ ಕತ್ತನ್ನೇ ನೋಡುತ್ತಿದ್ದೆ. ಯಾರೊಳಗೆ ಏನಿತ್ತೋ, ಎಲ್ಲರೂ ಕೆಲಸಕ್ಕೆ ಹೊರಟರು. ಅವರ ಹಿಂದೆ ನಾನೂ ಹೊರಟೆ.