ಉಪದೇಶಿಯವರು ಮೇಲಿಟ್ಟ ಚೀಟಿ

ಉಪದೇಶಿಯವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದಾಗ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ ಸಿಕ್ಕಿ ಹೋಗಿತ್ತಂತೆ. ಆ ಬೆರಳಲ್ಲೇ ಪೆನ್ನು ಹಿಡಿದು ಮುತ್ತಿನಂಥ ಅಕ್ಷರ ಬರೆಯುತ್ತಿದ್ದರು. ಬಾಳೂರು ಕಡೆಯ ನಮ್ಮ ಪುಟ್ಟ ಕ್ರೈಸ್ತ ಸಭೆಗೆ ಪಾದ್ರಿ ಅಯ್ಯನವರು ಬರುತ್ತಿದ್ದುದು ತಿಂಗಳಿಗೊಮ್ಮೆ. ಉಳಿದ ದಿನ ಪ್ರಾರ್ಥನೆ ನಡೆಸುವವರೂ, ಸತ್ತವರಿಗೆ ಮಣ್ಣು ಕೊಡಿಸುವವರೂ ಉಪದೇಶಿಯವರೇ. ಮದುವೆ ನಿಶ್ಚಯಿಸುವವರು, ಗಲ್ಫಿಗೆ ಹೊರಟವರು, ಯಾರೇ ಆಗಲಿ ದೇವರ ಚಿತ್ತ ಕೇಳಲು ಮೊದಲು ಇವರ ಜಗಲಿ ಹತ್ತುತ್ತಿದ್ದರು. "ಮೂರು ದಿನ ಪ್ರಾರ್ಥನೆ ಮಾಡಾಣ, ಆಮೇಲೆ ನೋಡಾಣ" ಎನ್ನುವರು. ಮೂರು ದಿನದಲ್ಲಿ ಅರ್ಧ ಜನರ ಆಸೆ ತಾನಾಗಿ ಇಳಿದಿರುತ್ತಿತ್ತು. ಅದು ದೇವರ ಕೆಲಸವೋ ಉಪದೇಶಿಯವರ ಜಾಣತನವೋ, ನಾನು ಕೇಳಲಿಲ್ಲ.

ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ವಾಗ್ದಾನದ ಚೀಟಿ ಎತ್ತುವುದು ನಮ್ಮ ರೂಢಿ. ಉಪದೇಶಿಯವರು ಒಂದೊಂದು ಚೀಟಿಯಲ್ಲೂ ಬೈಬಲ್ಲಿನ ಒಂದೊಂದು ವೇದವಾಕ್ಯ ಬರೆದು ತಟ್ಟೆಯಲ್ಲಿ ಹಿಡಿದು ಬರುತ್ತಿದ್ದರು. ಕಣ್ಣು ಮುಚ್ಚಿ ಎತ್ತಬೇಕು. ಕೈಗೆ ಬಂದದ್ದು ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಒಂದು ವರ್ಷ ಅಪ್ಪನ ಪಾದದಲ್ಲಿ ಸಕ್ಕರೆ ಕಾಯಿಲೆಯ ಹುಣ್ಣಿತ್ತು. ಅವನಿಗೆ ಬಂದದ್ದು, ದೇವರೇ ನಿನ್ನನ್ನು ಗುಣಮಾಡುತ್ತಾನೆ ಎಂಬರ್ಥದ ವಾಕ್ಯ. ಮಡಿಸಿ ಅಂಗಿ ಜೇಬಿನಲ್ಲಿಟ್ಟುಕೊಂಡ.

ಫೆಬ್ರವರಿಯಲ್ಲಿ ಪಾದ ಕಪ್ಪಾಯಿತು. ಕಾಲು ತೆಗೆಯದಿದ್ದರೆ ಜೀವ ಉಳಿಯುವುದಿಲ್ಲವೆಂದು ಮಂಗಳೂರಿನ ಡಾಕ್ಟರು ಹೇಳಿದರು. ಅಪ್ಪ ಅವರಿಗೆ ಚೀಟಿ ತೋರಿಸಿದ, ಸಹಿ ಹಾಕಲಿಲ್ಲ. ಬೇರೆ ದಾರಿ ಕಾಣದೆ ನಾನು ಉಪದೇಶಿಯವರನ್ನು ಆಸ್ಪತ್ರೆಗೆ ಕರೆಸಿದೆ.

ಅವರು ಕೂರಲಿಲ್ಲ. "ಆ ಚೀಟಿ ದೇವ್ರು ಕೊಟ್ಟಿದ್ದಲ್ಲ ಮಾರಾಯ. ನಿನ್ ಕಾಲು ನೋಡಿ ಸಂಕಟ ಆಯ್ತು. ತಟ್ಟೆ ನಿನ್ ಹತ್ರ ತರುವಾಗ ನಾನೇ ಅದನ್ನ ಮೇಲಿಟ್ಟೆ, ನಿಂಗೆ ಧೈರ್ಯ ಬರ್ಲಿ ಅಂತ. ಕಾಲು ತೆಗೆಸ್ಕೋ."

ಅಪ್ಪ ನಕ್ಕ. "ನಿಮ್ ಕೈಲಿ ಇಡ್ಸಿದ್ದು ಯಾರು ಉಪದೇಶಿಗಳೇ? ಅವ್ನೇ ಅಲ್ವಾ?"

ಎಲ್ಲದರಲ್ಲೂ ದೇವರ ಕೈಯಿದೆ ಎಂದು ವರ್ಷಗಟ್ಟಲೆ ಕಲಿಸಿದವರು ಅವರೇ. ಮಂಚಕ್ಕೆ ಹಣೆ ಹಚ್ಚಿ ಅತ್ತರು. ಅಪ್ಪನೇ ಅವರ ತಲೆ ಸವರಿ ಸಮಾಧಾನ ಮಾಡಿದ. ಸಹಿ ಹಾಕದೆಯೇ, ಅದಾದ ಹನ್ನೊಂದನೇ ದಿನ ತೀರಿಕೊಂಡ.

ಮಣ್ಣು ಕೊಟ್ಟ ದಿನ, ಇಡೀ ಸಭೆಯೆದುರು, "ನಮ್ಮಪ್ಪನ್ನ ಕೊಂದಿದ್ದು ನೀವು" ಎಂದೆ.

"ಹೌದು ಮಗಾ" ಎಂದರು.

ಅಲ್ಲಿಂದಾಚೆ ಚೀಟಿ ನಿಂತುಹೋಯಿತು. ಜಗಲಿಗೆ ಬಂದವರಿಗೆಲ್ಲ, "ನಂಗೆ ಗೊತ್ತಿಲ್ಲ" ಎನ್ನತೊಡಗಿದರು. ಉಪದೇಶಿಗೇ ನಂಬಿಕೆ ಹೋಯಿತೆಂದು ಜನ ಆಡಿಕೊಂಡರು. ನಾನೂ ಆಡಿಕೊಂಡೆ, ಚೂರು ಜೋರಾಗಿಯೇ.

ನಾಲ್ಕು ವರ್ಷದ ಮೇಲೆ ನನ್ನ ಎದೆಯಲ್ಲಿ ಗಂಟು ಕಾಣಿಸಿತು. ನಾಚಿಕೆ ಬಿಟ್ಟು ಅದೇ ಜಗಲಿಗೆ ಹೋದೆ.

"ಡಾಕ್ಟ್ರು ಏನಂದ್ರು?"

"ಆಪರೇಷನ್ ಮಾಡ್ಬೇಕು ಅಂದ್ರು. ದೇವ್ರು ಏನಂತಾನೆ, ನೀವು ಹೇಳಿ."

"ನಂಗೆ ಗೊತ್ತಿಲ್ಲ ಮಗಾ. ನಿಂಗೆ?"

"ಹೆದ್ರಿಕೆ ಆಗ್ತದೆ."

"ನಂಗೂ ಆಗ್ತದೆ. ನಡಿ, ನಾನೂ ಬರ್ತೀನಿ."

ಬಂದರು. ಆಪರೇಷನ್ ಮುಗಿಯುವವರೆಗೂ ಏನೂ ತಿನ್ನದೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರಂತೆ. ನಾನು ಬದುಕಿದೆ.

ಈ ವರ್ಷ ಮಳೆ ಹಿಡಿಯುವ ಮೊದಲು ಅವರು ತೀರಿಕೊಂಡರು. ಅಪ್ಪನಿಗೆ ಮಣ್ಣು ಕೊಟ್ಟಂದು ನನ್ನ ಮಾತು ಕೇಳಿಸಿಕೊಂಡವರೆಲ್ಲ ಮಣ್ಣಿಗೆ ಬಂದಿದ್ದರು. ಅವರೆಲ್ಲರೆದುರು ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಕೇಳಬೇಕಾದವರು ಪೆಟ್ಟಿಗೆಯಲ್ಲಿ ಮಲಗಿದ್ದರು.