ಹತ್ತು ಸಾವಿರ ಕಿಲೋಮೀಟರಿನ ಎಣ್ಣೆ

ನನ್ನ ಕಾರಿನ ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕ, ಮಡಚಿಟ್ಟ ಒಂದು ಬಟ್ಟೆಯ ತುಂಡಿದೆ. ಸೋದರಮಾವನ ಹಳೆಯ ಮುಂಡುಪಂಚೆಯಿಂದ ಹರಿದದ್ದು. ಒಂದು ಬದಿಯಲ್ಲಿ ಜರಿಯಂಚು ಇನ್ನೂ ಮಿನುಗುತ್ತದೆ, ಉಳಿದೆಡೆಯೆಲ್ಲ ಎಣ್ಣೆಯ ಕಪ್ಪು ಗೆರೆಗಳು. ಎಂಜಿನ್ನಿನೊಳಗೆ ಎಣ್ಣೆ ಎಷ್ಟಿದೆ, ಹೇಗಿದೆ ಎಂದು ನೋಡುವ ಉದ್ದನೆಯ ಕಡ್ಡಿಯನ್ನು ಮಾವ ಒರೆಸುವುದು ಇದರಿಂದಲೇ. ಒರೆಸುವ ಮೊದಲು ಒಂದು ಹನಿಯನ್ನು ಎರಡು ಬೆರಳುಗಳ ನಡುವೆ ಉಜ್ಜಿ, ಪಾಕ ಎಳೆ ಬಂತೇ ಎಂದು ಪರೀಕ್ಷಿಸುವ ಅಡುಗೆಭಟ್ಟರ ಗಾಂಭೀರ್ಯದಿಂದ ಬಿಸಿಲಿಗೆ ಹಿಡಿಯುತ್ತಾರೆ. ತೀರ್ಪು ಮಾತ್ರ ಪ್ರತಿಸಲವೂ ಒಂದೇ: "ಬದಲಿಸಬೇಕು."

ಕಾರು ಮೂಲತಃ ಅವರದೇ. ಪುತ್ತೂರಿನ ಕಡೆಯಿಂದ ಬ್ಯಾಂಕಿನ ಕೆಲಸಕ್ಕೆಂದು ಹೊರಟು ತಿರುವನಂತಪುರದಲ್ಲಿ ನೆಲೆನಿಂತ ಮಾವ, ನನಗೆ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಹಡಗು ಸರಕಿನ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಾಗ, ಈ ಚಿಕ್ಕ ಕಾರನ್ನು ಕೊಟ್ಟು ಒಂದೇ ಷರತ್ತು ಹಾಕಿದರು: ಐದು ಸಾವಿರ ಕಿಲೋಮೀಟರಿಗೊಮ್ಮೆ ಎಂಜಿನ್ ಎಣ್ಣೆ ಬದಲಿಸಬೇಕು, ಅದೂ ಅವರ ಪರಿಚಯದ ವರ್ಕ್‌ಶಾಪಿನಲ್ಲಿ, ಅವರ ಕಣ್ಣೆದುರಿನಲ್ಲಿ. ಹಾಗಾಗಿ ಮೂರ್ನಾಲ್ಕು ತಿಂಗಳಿಗೊಮ್ಮೆ ಶುಕ್ರವಾರ ಸಂಜೆ ನಾನು ಅವರ ಮನೆ ಸೇರುವುದು, ಮರುದಿನ ಬೆಳಿಗ್ಗೆ ಅತ್ತೆಯ ನೀರುದೋಸೆ ತಿಂದು ಕಾರನ್ನು ವರ್ಕ್‌ಶಾಪಿಗೆ ಒಪ್ಪಿಸುವುದು, ಆಮೇಲೆ ಮೂವರೂ ಚಾಲೈ ಬೀದಿಯ ಅಂಗಡಿಗಳಲ್ಲಿ ನೇಂದ್ರಬಾಳೆಯ ಚಿಪ್ಸು ರುಚಿ ನೋಡುತ್ತ ಸುತ್ತುವುದು ಒಂದು ಕಟ್ಟಳೆಯಾಗಿಬಿಟ್ಟಿತ್ತು.

ಕಟ್ಟಳೆ ಕಂಡಲ್ಲಿ ಕೆಣಕುವುದು ನನ್ನ ಚಟ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಗೆ ಸುಮ್ಮನಿರಬೇಕಲ್ಲ. ನೀವೇ ಹೇಳಿ, ಐದು ಸಾವಿರವೇ ಯಾಕೆ? ಒಂದು ಕಾಲದ ಎಣ್ಣೆಗೆ, ಒಂದು ಕಾಲದ ಎಂಜಿನ್ನಿಗೆ ಯಾರೋ ಗೊತ್ತುಮಾಡಿದ ಸಂಖ್ಯೆ ಅದು. ಎಣ್ಣೆ ಬದಲಾಯಿತು, ಎಂಜಿನ್ ಬದಲಾಯಿತು, ಅದೊಂದು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಸಂಖ್ಯೆಗಳಿಗೂ ವಯಸ್ಸಾಗುತ್ತದೆ, ಪಾಪ, ನಿವೃತ್ತಿ ಎಂಬುದಿಲ್ಲ. ಮಾಮೂಲಿ ಎಣ್ಣೆಯ ಕಣಗಳು ಬಸ್‌ಸ್ಟ್ಯಾಂಡಿನ ಜನರ ಹಾಗೆ ದೊಡ್ಡವು ಚಿಕ್ಕವು ಕಲೆಸಿಕೊಂಡಿರುತ್ತವೆ. ಸಿಂಥೆಟಿಕ್ ಎಣ್ಣೆಯವು ಹೆಚ್ಚುಕಡಿಮೆ ಒಂದೇ ಅಳತೆಯವು, ಕಾವಿಗೆ ಬೇಗ ಸೊರಗುವುದಿಲ್ಲ. ಡಬ್ಬದ ಮೇಲಿನ ಹೊಗಳಿಕೆಯಲ್ಲಿ ಅರ್ಧ ಕಳೆದೇ ನಂಬುವವಳು ನಾನು. ಕಾರಿನ ಕೈಪಿಡಿಯನ್ನೂ ತಿರುವಿ ನೋಡಿ, ಸಿಂಥೆಟಿಕ್ ಹಾಕಿದರೆ ಹತ್ತು ಸಾವಿರಕ್ಕೆ ಅಡ್ಡಿಯಿಲ್ಲವೆಂದು ಖಾತ್ರಿ ಮಾಡಿಕೊಂಡೇ ಒಂದು ಶನಿವಾರ ದೋಸೆಯ ಮುಂದೆ ವಾದ ಮಂಡಿಸಿದೆ.

"ಈ ಎಣ್ಣೆ ಕಪ್ಪಾಗುವುದೇ ಇಲ್ವಾ?" ಮಾವ ಕೇಳಿದರು.

"ಆಗ್ತದೆ ಮಾವ. ಕೊಳೆಯನ್ನು ತನ್ನೊಳಗೆ ಹಿಡಿದಿಟ್ಟುಕೊಂಡರೆ ಕಪ್ಪಾಗದೆ ಇರ್ತದಾ? ಬಟ್ಟೆ ಒಗೆದ ನೀರು ಕಪ್ಪಾಯಿತು ಅಂತ ಸಾಬೂನನ್ನು ಬೈಯುತ್ತೀರಾ?"

ಮಾವ ಅತ್ತೆಯ ಕಡೆ ತಿರುಗಿದರು. "ಇವಳನ್ನು ನೋಡಲಿಕ್ಕೆ ಬರುವ ಹುಡುಗನಿಗೆ ನಾವು ಮೊದಲೇ ಒಂದು ಮಾತು ಹೇಳುವುದು ಒಳ್ಳೆಯದು ಮಾರಾಯ್ತಿ."

ಇಷ್ಟಾದ ಮೇಲೆ ಅವರು ಒಪ್ಪಿದರು. ಅತ್ತೆ ಕಾವಲಿಯಿಂದ ದೋಸೆ ಎತ್ತಿ ನನ್ನ ತಟ್ಟೆಗೆ ಹಾಕುತ್ತ ಹೇಳಿದರು: "ಗೆದ್ದದ್ದು ನೀನೇ, ಹೌದು. ಹಾಗಾದರೆ ಇನ್ನು ನೀನು ಬರುವುದು ಓಣಕ್ಕೆ ಮಾತ್ರವಾ?"

ಚರ್ಚಾಸ್ಪರ್ಧೆಗಳಲ್ಲಿ ಒಂದು ಅನುಕೂಲವಿದೆ ನೋಡಿ: ಗಂಟೆ ಬಾರಿಸಿದ ಮೇಲೆ, ಗೆದ್ದ ವಾದದ ಪ್ರಕಾರ ಯಾರೂ ಬದುಕಬೇಕಾಗಿಲ್ಲ. ಇಲ್ಲಿ ಬದುಕಬೇಕಿತ್ತು. ಎಣ್ಣೆಯ ಆಯುಸ್ಸನ್ನು ಇಮ್ಮಡಿ ಮಾಡಿದ ನಾನು ಅದೇ ಏಟಿಗೆ ನೀರುದೋಸೆಯನ್ನೂ ಚಾಲೈಯನ್ನೂ ಅರ್ಧಕ್ಕಿಳಿಸಿದ್ದೆ, ಮತ್ತು ನನ್ನ ತರ್ಕದಲ್ಲಿ ಒಂದು ಬಿರುಕೂ ನನಗೆ ಕಾಣುತ್ತಿರಲಿಲ್ಲ.

ಬಿರುಕು ಕಾಣಿಸಿದ್ದು ಎಡಪ್ಪಳ್ಳಿ ಜಂಕ್ಷನ್ನಿನಲ್ಲಿ. ಕಚೇರಿಯಿಂದ ಮನೆಗೆ ಹೊರಟವಳು ದಿನವೂ ಅಲ್ಲಿ ಲಾರಿ, ಬಸ್ಸುಗಳ ನಡುವೆ ಸಿಕ್ಕಿಬೀಳುತ್ತೇನೆ. ಒಂದು ಸಂಜೆ ಸುಮ್ಮನೆ ಮೀಟರನ್ನು ನೋಡುತ್ತ ಕೂತಿದ್ದಾಗ ಹೊಳೆಯಿತು: ಎಂಜಿನ್ ಗುರುಗುಟ್ಟುತ್ತಿದೆ, ಎಣ್ಣೆ ಒಳಗೆ ಬೇಯುತ್ತಿದೆ, ಅಂಕಿ ಮಾತ್ರ ಅಲುಗುತ್ತಿಲ್ಲ. ನಿಂತಲ್ಲೇ ಸವೆದದ್ದನ್ನು ಕಿಲೋಮೀಟರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ! ಹತ್ತು ಸಾವಿರವೆಂಬುದು ತೆರೆದ ಹೆದ್ದಾರಿಯಲ್ಲಿ ಸರಾಗವಾಗಿ ಓಡುವ ಕಾರಿನ ಭಾಗ್ಯ. ತೆವಳುವ ಕಾರಿನ ಎಣ್ಣೆಯನ್ನು ನಡುವೆ ನೋಡುತ್ತಿರಬೇಕು. ಸಂಶಯವಾದಿ ಎಂದಮೇಲೆ ಸ್ವಂತ ಗೆಲುವನ್ನೂ ಸಂಶಯಿಸಬೇಕಷ್ಟೆ. ಇಷ್ಟು ಸಂತೋಷದಿಂದ ನನ್ನನ್ನು ನಾನು ಎಂದೂ ಖಂಡಿಸಿಕೊಂಡಿರಲಿಲ್ಲ.

ಐದು ಸಾವಿರ ತುಂಬಿದ ವಾರ, ಶುಕ್ರವಾರ ಸಂಜೆ, ಮಾವನ ಗೇಟಿನ ಮುಂದೆ ಹಾರ್ನ್ ಮಾಡಿದೆ.

"ಇದೆಂತ? ಹತ್ತು ಸಾವಿರ ಆಗಲಿಲ್ಲವಲ್ಲ?"

"ಬದಲಿಸಲಿಕ್ಕಲ್ಲ ಮಾವ. ಎಡಪ್ಪಳ್ಳಿಯಲ್ಲಿ ನಿಂತದ್ದು ಮೀಟರಿಗೆ ಬಂದಿಲ್ಲ. ಎಣ್ಣೆ ಹೇಗುಂಟು ಅಂತ ನೀವೊಮ್ಮೆ ನೋಡಬೇಕು."

ಡಿಕ್ಕಿಯಿಂದ ಬಟ್ಟೆ ತೆಗೆದುಕೊಟ್ಟೆ. ಮಾವ ಅದನ್ನು ಹೆಗಲಿಗೆ ಹಾಕಿಕೊಂಡು, ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಜ್ವರ ನೋಡುವವರಂತೆ ಸ್ವಲ್ಪ ಹೊತ್ತು ನಿಂತರು.

"ಎಂಜಿನ್ ಬಿಸಿ ಉಂಟು. ಈಗ ನೋಡಿದರೆ ಸರಿ ಗೊತ್ತಾಗುವುದಿಲ್ಲ. ನಾಳೆ ಬೆಳಿಗ್ಗೆ ನೋಡುವ."

ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟರೆ ಸಾಕು, ಎಣ್ಣೆ ಕೆಳಗಿಳಿದು ಅಳತೆ ಸರಿಯಾಗಿ ಸಿಗುತ್ತದೆ. ಕೈಪಿಡಿಯ ಆ ಪುಟ ನನಗೆ ಬಾಯಿಪಾಠ. ಇಷ್ಟು ದುರ್ಬಲವಾದ ವಾದವನ್ನು ಯಾವ ಪ್ರತಿಸ್ಪರ್ಧಿಯೂ ಇದುವರೆಗೆ ನನ್ನ ಮುಂದಿಟ್ಟಿರಲಿಲ್ಲ. ಒಳಗೆ ಅತ್ತೆ ಆಗಲೇ ಡಬ್ಬಿಯಿಂದ ಅಕ್ಕಿ ಅಳೆದು ನೆನೆಹಾಕುತ್ತಿದ್ದ ಸದ್ದು ಕೇಳಿಸಿತು. ಮಾವನ ಹೆಗಲಿನಿಂದ ಬಟ್ಟೆಯನ್ನು ತೆಗೆದು, ಜರಿಯಂಚು ಮೇಲೆ ಬರುವಂತೆ ಮಡಚಿ, ಮತ್ತೆ ಸ್ಟೆಪ್ನಿಯ ಪಕ್ಕ ಇಟ್ಟೆ.

"ಹೌದು ಮಾವ," ಎಂದೆ. "ನಾಳೆಯೇ ನೋಡುವ."