ಎದುರು ಕೋಣೆಯ ತಂಗಿ ವಿಮಾನ ನೋಡಿದ ದಿನ

ಕಲ್ಯಾಣ ನಗರದಲ್ಲಿ ರಿಂಗ್ ರಸ್ತೆಯ ಪಕ್ಕಕ್ಕೆ ಹೊಸದೊಂದು ಖಾನಾವಳಿ ಬಂದಿದೆ. ಹೋದ ವಾರ ಅದರ ಮುಂದೆ ಹಾದುಹೋಗುವಾಗ ಜೋಳದ ರೊಟ್ಟಿ ಬೇಯುವ ವಾಸನೆ ಬಂತು, ಅಂಚಿನಲ್ಲಿ ಸ್ವಲ್ಪ ಸುಟ್ಟ ವಾಸನೆ. ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಎಷ್ಟೋ ವರ್ಷಗಳ ಹಿಂದೆ ಒಂದು ಕಂಬಿ ಕಿಟಕಿಯ ಒಳಗಿನಿಂದ ಇಂಥದೇ ಬಿಸಿ ರೊಟ್ಟಿಯನ್ನು ನಾಲ್ಕಾಗಿ ಮಡಚಿ ನನ್ನ ಕೈಗಿಡುತ್ತಿದ್ದವಳು ನೆನಪಾದಳು...

ಆಗ ನಾನು ದೊಮ್ಮಲೂರಿನ ಹಳೇ ಊರಿನೊಳಗೆ, ಒಂದು ಕಟ್ಟಡದ ಕೊನೆಯ ಮಹಡಿಯಲ್ಲಿ ಒಂಟಿ ಕೋಣೆ ಹಿಡಿದಿದ್ದೆ. ಏರ್‌ಪೋರ್ಟ್ ರಸ್ತೆಯ ಆಚೆಗಿದ್ದ ವಿಮಾನಗಳ ಮ್ಯೂಸಿಯಂನಲ್ಲಿ ಕೆಲಸ. ಶಾಲೆಯ ಮಕ್ಕಳು ಬಂದರೆ ನಮ್ಮ ದೇಶದಲ್ಲಿ ಮೊದಲು ಹಾರಿದ ವಿಮಾನ ಯಾವುದು, ರಾಕೆಟ್ ಹೇಗೆ ಮೇಲಕ್ಕೇರುತ್ತದೆ ಎಂದು ಗಂಟಲು ಒಣಗುವವರೆಗೆ ಹೇಳುವುದು. ಬೆಂಗಳೂರಿಗೆ ಬರುವ ವಿಮಾನಗಳೆಲ್ಲ ಆಗ ನಮ್ಮ ತಲೆಯ ಮೇಲೇ ಇಳಿಯುತ್ತಿದ್ದವು. ಮೇಲುಮಹಡಿಯ ಕೋಣೆಗಳಿಗೆ ಶೀಟಿನ ಸೂರು. ಒಂದೊಂದು ವಿಮಾನ ಇಳಿದಾಗಲೂ ಪಾತ್ರೆಗಳು ಕಿಣಿಕಿಣಿ ಎನ್ನುತ್ತಿದ್ದವು.

ನನ್ನ ಎದುರು ಕೋಣೆಗೆ ಕಲಬುರಗಿಯ ಕಡೆಯಿಂದ ಗಂಡ ಹೆಂಡತಿ ಬಂದರು. ಅವನಿಗೆ ಹೊಸ ಕಟ್ಟಡಗಳಲ್ಲಿ ಸೆಂಟ್ರಿಂಗ್ ಹಲಗೆ ಹೊಡೆಯುವ ಕೆಲಸ, ಬೆಳಿಗ್ಗೆ ಬೇಗ ಸೈಟಿಗೆ ಹೋಗುತ್ತಿದ್ದ. ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದ. ಒಳಗೆ ಹೆಂಡತಿ ಇರುತ್ತಿದ್ದಳು.

ಮೊದಲ ದಿನ ನನಗೆ ಅರ್ಥವೇ ಆಗಲಿಲ್ಲ. ಬೀಗ ಹಾಕಿದ ಕೋಣೆಯ ಕಿಟಕಿಯಿಂದ "ಅಕ್ಕಾ" ಎಂದು ಯಾರೋ ಕರೆದರು. ಹತ್ತಿರ ಹೋದರೆ, ಇಪ್ಪತ್ತೂ ತುಂಬಿರದ ಒಂದು ಮುಖ.

"ಅಕ್ಕಾ, ಇವು ಇಮಾನ ಎಲ್ಲಿಗಿ ಹೋಗಿ ಇಳೀತಾವ?"

ಅವಳು ಕೇಳಿದ್ದು ಅಷ್ಟೇ. ಬೀಗದ ಮಾತೇ ಎತ್ತಲಿಲ್ಲ. ಕೋಣೆಯ ಮೂಲೆಯಲ್ಲೇ ಬಚ್ಚಲು ಇದ್ದುದರಿಂದ ಹೊರಗೆ ಬರುವುದಕ್ಕೆ ಅವಳಿಗೆ ನೆಪವೂ ಇರಲಿಲ್ಲ. ಕಿಟಕಿಯಿಂದ ಕಾಣುತ್ತಿದ್ದುದು ನನ್ನ ಬಾಗಿಲು, ಮೋಟುಗೋಡೆ, ಅದರ ಮೇಲೆ ಅಂಗೈಯಗಲದ ಆಕಾಶ. ವಿಮಾನದ ಹೊಟ್ಟೆ ಒಂದು ಗಳಿಗೆ ಅಲ್ಲಿ ತುಂಬಿಕೊಂಡು ಮಾಯವಾಗುತ್ತಿತ್ತು. ನಾನು ಮ್ಯೂಸಿಯಂನಲ್ಲಿದ್ದೇನೆ ಎಂದು ಗೊತ್ತಾದ ಮೇಲಂತೂ ಸಂಜೆ ನಾನು ಮೆಟ್ಟಿಲು ಹತ್ತುವ ಸದ್ದಿಗೇ ಅವಳು ಕಿಟಕಿಗೆ ಬಂದಿರುತ್ತಿದ್ದಳು. ಅದರೊಳಗೆ ಅಡುಗೆ ಮಾಡುತ್ತಾರೇನು, ಕಿಟಕಿ ತೆಗೆಯಲು ಬರುತ್ತದೇನು, ಹೆಂಗಸರೂ ಓಡಿಸುತ್ತಾರೇನು...

ಗಂಡ ಕುಡಿಯುವವನಲ್ಲ, ಹೊಡೆಯುವವನೂ ಅಲ್ಲ. ಭಾನುವಾರ ತಾನೇ ನೀರು ಹೊತ್ತು ಹಾಕುತ್ತಿದ್ದ. ನಾನೊಮ್ಮೆ ಬೀಗದ ವಿಷಯ ಕೇಳಿದಾಗ, "ಊರು ಚಲೋ ಇಲ್ರಿ ಮೇಡಂ" ಎಂದು ತಲೆ ತಗ್ಗಿಸಿ ಹೋಗಿಬಿಟ್ಟ.

ಒಂದು ಮಧ್ಯಾಹ್ನ, ನಾನು ರಜೆಯಲ್ಲಿ ಮನೆಯಲ್ಲೇ ಇದ್ದೆ. ಎದುರಿನಿಂದ ಕಿರುಚಾಟ ಕೇಳಿಸಿತು. ಪಂಪ್ ಸ್ಟೌ ಭಗ್ಗನೆ ಹೊತ್ತಿ, ಹಗ್ಗದ ಮೇಲಿನ ಬಟ್ಟೆಗೆ ಬೆಂಕಿ ತಗುಲಿತ್ತು. ಕಿಟಕಿಯಿಂದ ಹೊಗೆ ನುಗ್ಗುತ್ತಿತ್ತು. ಅವಳ ಎರಡು ಕೈ ಕಂಬಿ ಹಿಡಿದಿದ್ದವು, ಮುಖ ಕಾಣುತ್ತಿರಲಿಲ್ಲ. ನಾನು ಬೀಗವನ್ನು ಕಲ್ಲಿನಿಂದ ಜಜ್ಜಿದೆ, ಅದು ಜಗ್ಗಲಿಲ್ಲ. ನನ್ನ ಕೂಗು ಕೇಳಿ ಕೆಳಗಿನಿಂದ ಓನರ್ ಅಮ್ಮ ಏದುಸಿರು ಬಿಡುತ್ತ ಬಂದರು. ಕೋಣೆಯ ಜೊತೆ ಬೀಗವನ್ನೂ ಅವರೇ ಕೊಟ್ಟಿದ್ದರಿಂದ ಇನ್ನೊಂದು ಕೀಲಿಕೈ ಅವರ ಸೊಂಟದ ಗೊಂಚಲಲ್ಲಿತ್ತು. ಹೊಗೆಗೆ ಕಣ್ಣು ಕಾಣದೆ ಅದು ಬೀಗದೊಳಗೆ ಹೋಗಲೇ ಒಲ್ಲದು... ಬಾಗಿಲು ತೆರೆದಾಗ ಅವಳು ನೆಲದ ಮೇಲೆ ಕೆಮ್ಮುತ್ತ ಕೂತಿದ್ದಳು. ಮೊಣಕೈ ಸುಟ್ಟಿತ್ತು, ಜೀವಕ್ಕೇನೂ ಆಗಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವನು ಮತ್ತೆ ಬೀಗ ಹಾಕಿಯೇ ಹೋದ.

ಓನರ್ ಅಮ್ಮನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ಮುಂದಿನ ವಾರ ನನ್ನ ರಜೆಯ ದಿನ ಮೇಲೆ ಬಂದು ತಾವೇ ಬೀಗ ತೆಗೆದರು. "ಏನಮ್ಮಾ, ಇವಳನ್ನ ಆ ನಿನ್ನ ಪ್ಲೇನ್ ಎಲ್ಲಾ ಇಟ್ಟಿರೋ ಜಾಗಕ್ಕೆ ಕರ್ಕೊಂಡ್ ಹೋಗಿ ಬಾ. ಅವ್ನು ಬರೋದ್ರೊಳಗೆ ಬಂದ್ಬಿಡಿ. ಕೇಳಿದ್ರೆ ನಾನು ಮಾತಾಡ್ತೀನಿ" ಎಂದರು.

ಬಸ್ಸಿನಲ್ಲಿ ಅವಳು ನನ್ನ ತೋಳು ಬಿಡಲಿಲ್ಲ. ಮ್ಯೂಸಿಯಂನ ಅಂಗಳದಲ್ಲಿ ಹುಲ್ಲಿನ ಮೇಲೆ ನಿಂತ ಹಳೇ ಯುದ್ಧವಿಮಾನಗಳನ್ನು ಮೊದಲು ದೂರದಿಂದ ನೋಡಿದಳು, ಆಮೇಲೆ ಒಂದರ ಹೊಟ್ಟೆಯ ಕೆಳಗೆ ಹೋಗಿ ಅಂಗೈ ಇಟ್ಟಳು. "ಬಿಸಿ ಅದ" ಎಂದು ನಕ್ಕಳು. ರಾಕೆಟ್ಟಿನ ಮಾದರಿಗಳ ಮುಂದೆ ಹೆಚ್ಚು ನಿಲ್ಲಲಿಲ್ಲ. ಒಳಗಿನ ಸಭಾಂಗಣದಲ್ಲಿ ಪೈಲಟ್‌ನ ಕುರ್ಚಿಯೊಂದನ್ನು ಇಟ್ಟಿದ್ದರು. ವಿಮಾನ ಕೆಟ್ಟರೆ ಹಿಡಿ ಎಳೆದ ಕೂಡಲೇ ಪೈಲಟ್ ಸಮೇತ ಹೊರಗೆ ಚಿಮ್ಮುವಂಥದು. ಅದನ್ನೂ, ಆಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡು ಅವನು ಕೆಳಗಿಳಿಯುವುದನ್ನೂ ವಿವರಿಸಿದೆ. ಅವಳು ಸುತ್ತ ಒಂದು ಸುತ್ತು ಬಂದಳು.

"ಕೆಳಗ ಇಳದ ಮ್ಯಾಲ ಎಲ್ಲಿಗಿ ಹೋಗ್ತಾನಕ್ಕಾ?"

"ಹೆಲಿಕಾಪ್ಟರ್ ಬಂದು ಕರ್ಕೊಂಡ್ ಹೋಗುತ್ತೆ."

"ಬರ್ಲಿಲ್ಲಂದ್ರ?"

ಅಷ್ಟು ಮಕ್ಕಳಿಗೆ ಆ ಕುರ್ಚಿ ತೋರಿಸಿದ್ದೆ, ಯಾರೂ ಇದನ್ನು ಕೇಳಿರಲಿಲ್ಲ. "ನಮ್ಮ ಮನೆಗೆ ಬರ್ಬೋದು ಅವ್ನು" ಎಂದೆ. ತಮಾಷೆಗೆ ಹೇಳಿದಂತೆ ಹೇಳಿದೆ, ಆದರೆ ತಮಾಷೆಯಾಗಿರಲಿಲ್ಲ. ಅವಳಿಗೂ ಅದು ತಿಳಿಯಿತು.

ನಾವು ಹೊತ್ತಿಗೆ ಮುಂಚೆಯೇ ಹಿಂತಿರುಗಿದೆವು. ಆದರೆ ಸೈಟಿನಲ್ಲಿ ಸಿಮೆಂಟ್ ಬಾರದೆ ಕೆಲಸ ನಿಂತು ಅವನು ಇನ್ನೂ ಮುಂಚೆ ಬಂದಿದ್ದ. ಮೇಲಿನ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಬುತ್ತಿ ಡಬ್ಬಿ, ಕೈಯಲ್ಲಿ ಬೀಗ. ಓನರ್ ಅಮ್ಮ ಗೋಡೆಗೊರಗಿ ನಿಂತಿದ್ದರು.

"ಎಲ್ಲಿಗಿ ಹೋಗಿದ್ದಿ?" ಅವನ ದನಿ ಒಡೆದಿತ್ತು.

"ಇಮಾನ ನೋಡ್ಲಿಕ್ಕ."

"ಬಾಗ್ಲಾ ತೆಗದ್ರ ಒಳಗ ಯಾರೂ ಇಲ್ಲ... ನಮ್ಮ ತಂಗಿನೂ ಹಿಂಗೇ ಹೋದ್ಳು."

ದುಡಿಯಲು ಪುಣೆಗೆ ಹೋದ ಅವನ ತಂಗಿ ತಿರುಗಿ ಬಂದಿರಲಿಲ್ಲವಂತೆ. ಅದನ್ನು ನಾನು ಕೇಳಿದ್ದು ಅವತ್ತೇ. ಸ್ವಲ್ಪ ಹೊತ್ತಿಗೆ ಅವನು ಎದ್ದು ಕಣ್ಣೊರೆಸಿಕೊಂಡು, "ನಡಿ ಒಳಗ" ಎಂದ.

ಅವಳು ಅವನಿಗಿಂತ ಎರಡು ಮೆಟ್ಟಿಲು ಕೆಳಗೆ ಕೂತುಬಿಟ್ಟಳು. "ಕೀಲಿ ಹಾಕೂದಿದ್ರ ನಾ ಒಳಗ ಬರಂಗಿಲ್ಲ. ಅವತ್ತ ಸುಟ್ಟು ಹೋಗ್ತಿದ್ದೆ. ನಿಮ್ಮ ತಂಗಿ ಹೋಗ್ಯಾಳಂತ ನಾ ಯಾಕ ಸಾಯ್ಬೇಕು?"

ಅಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲವೆಂದು ಕಾಣುತ್ತದೆ. ಮತ್ತೆ ಕೂತ. ಮೇಲೆ ಒಂದಾದ ಮೇಲೊಂದು ವಿಮಾನ ಇಳಿದವು. ಅವಳು ತಲೆಯೆತ್ತಲಿಲ್ಲ. ಬೀದಿ ದೀಪ ಹತ್ತುವ ಹೊತ್ತಿಗೆ ಅವನು ಬೀಗವನ್ನು ಓನರ್ ಅಮ್ಮನ ಕೈಗೆ ಕೊಟ್ಟು, "ಇದು ನಿಮ್ಮ ಕಡೀನೇ ಇರಲ್ರಿ ಅಮ್ಮಾ" ಎಂದ.

ಆಮೇಲೆ ಬಾಗಿಲಿಗೆ ಹಳೇ ಸೀರೆಯ ಪರದೆ ಬಂತು. ಅವಳು ಮೊದಮೊದಲು ಮೋಟುಗೋಡೆಯವರೆಗೆ ಮಾತ್ರ ಬಂದು ನಿಲ್ಲುತ್ತಿದ್ದಳು. ಕ್ರಮೇಣ ಕೆಳಗಿಳಿದು ಅಂಗಡಿಯಿಂದ ಸೊಪ್ಪು ತರತೊಡಗಿದಳು. ಆದರೆ ಆ ತಿಂಗಳು ಮುಗಿಯುವುದರೊಳಗೆ ಅವನ ಕೆಲಸ ಕೆ.ಆರ್. ಪುರದ ಕಡೆಗೆ ಬದಲಾಯಿತು. ಸಾಮಾನೆಲ್ಲ ಒಂದು ಗೂಡ್ಸ್ ಆಟೋದಲ್ಲಿ ಹಿಡಿಸಿತು. ಅವಳು ನನ್ನ ಕೈ ಹಿಡಿದು, "ಮನಿ ಸಿಕ್ಕ ಮ್ಯಾಲ ಹೇಳಿ ಕಳಸ್ತೀನಕ್ಕಾ" ಎಂದಳು. ಯಾರೂ ಬಂದು ಹೇಳಲಿಲ್ಲ.

ಈಗ ವಿಮಾನಗಳು ದೇವನಹಳ್ಳಿಯಲ್ಲಿ ಇಳಿಯುತ್ತವೆ. ದೊಮ್ಮಲೂರಿನ ಆ ಕಟ್ಟಡ ಹೋಗಿ ಆಫೀಸು ಎದ್ದಿದೆ. ಓನರ್ ಅಮ್ಮ ತೀರಿಕೊಂಡರು, ನಾನೂ ಮ್ಯೂಸಿಯಂ ಬಿಟ್ಟು ಬಹಳ ಕಾಲವಾಯಿತು. ಕೆ.ಆರ್. ಪುರದ ಸಂತೆಯಲ್ಲಿ ಕಲಬುರಗಿ ಕಡೆಯ ಮಾತು ಕೇಳಿಸಿದರೆ ತಿರುಗಿ ನೋಡುತ್ತೇನೆ. ಅವಳಿಗೀಗ ನಲವತ್ತು ದಾಟಿರಬೇಕು, ಎದುರಿಗೆ ಬಂದರೂ ಗುರುತು ಸಿಗಲಾರದು. ಅಲ್ಲಿಗೆ ಹೋದ ಮೇಲೆ ಅವನು ಹೊಸ ಬೀಗ ಕೊಂಡನೋ ಇಲ್ಲವೋ... ಅದೊಂದು ನನಗೆ ತಿಳಿಯಲೇ ಇಲ್ಲ.